ತಾಳು ಅಂದವರೇ ನಡೀಲಿ ಅನ್ನಬೇಕು

ಬಟ್ಟೆ ಒಗೆಯುವ ಆ ಕಾರ್ಖಾನೆಯ ಯಜಮಾನನನ್ನು ಬೀದಿಯಲ್ಲಿ ಯಾರೂ ಯಜಮಾನ ಎಂದು ಕರೆದವರಲ್ಲ. ಚಿಕ್ಕವರಿಗೂ ದೊಡ್ಡಣ್ಣ, ಅವನಿಗಿಂತ ಹಿರಿಯರಿಗೂ ದೊಡ್ಡಣ್ಣ. ಆಸ್ಪತ್ರೆಯ ಬೆಡ್‌ಶೀಟು, ದಿಂಬಿನ ಚೀಲ, ಡಾಕ್ಟರುಗಳ ಬಿಳಿ ಕೋಟು ಎಲ್ಲವೂ ಅವನ ಡ್ರಮ್ಮುಗಳಲ್ಲಿ ತಿರುಗಿ, ಅವನ ಬಿಸಿ ರೋಲರಿನಡಿ ಇಸ್ತ್ರಿಯಾಗಿ ಹೋಗುತ್ತಿದ್ದವು. ಬೀದಿಯ ಅರ್ಧ ಮನೆಗಳ ಒಲೆ ಉರಿಯುತ್ತಿದ್ದುದು ಆ ಬೆಡ್‌ಶೀಟುಗಳಿಂದಲೇ. ಬೇರೆಯವನಾಗಿದ್ದರೆ ಇದನ್ನು ನೆನೆದು ಮೀಸೆ ತಿರುವುತ್ತಿದ್ದ. ದೊಡ್ಡಣ್ಣನಿಗೆ ಮಾತ್ರ ನೆನೆದಾಗಲೆಲ್ಲ ಹೊಟ್ಟೆಯಲ್ಲಿ ಕಲ್ಲು ಕೂತಂತಾಗುತ್ತಿತ್ತು.

ಆ ದಿನ ಕಲ್ಲಲ್ಲ, ಬಂಡೆಯೇ ಕೂತಿತ್ತು. ಆಸ್ಪತ್ರೆಯ ಅಧಿಕಾರಿ ಬರುವವನಿದ್ದ. ವರ್ಷವರ್ಷವೂ ಆಗುತ್ತಿದ್ದ ಒಪ್ಪಂದ ಇನ್ನು ಮೇಲೆ ಐದು ವರ್ಷಕ್ಕೊಂದಂತೆ. ಐದು ವರ್ಷವೂ ನಿಂತು ನಡೆಸುವವರು ಯಾರೆಂದು ಸಹಿ ಹಾಕಿ ಕೊಡಬೇಕಂತೆ. ಆಗದಿದ್ದರೆ ಕೆಲಸವೆಲ್ಲ ಊರಾಚೆಯ ದೊಡ್ಡ ಕಂಪನಿಗೆ. ದೊಡ್ಡಣ್ಣ ತಾನೇ ಸಹಿ ಹಾಕಬಹುದಿತ್ತು, ಆದರೆ ಅವನ ಎದೆಯೊಳಗೆ, ಕಟ್ಟಿಕೊಂಡಿದ್ದ ರಕ್ತನಾಳದಲ್ಲಿ, ಒಂದು ಸ್ಪ್ರಿಂಗಿತ್ತು. ಮುಚ್ಚಿಡೋಣವೆಂದರೆ ಅದನ್ನು ಕೂರಿಸಿದ್ದೇ ಆ ಆಸ್ಪತ್ರೆಯವರು!

ಉಳಿದವಳು ಮಗಳು. ಓದಿ ಬೇರೆ ಊರಲ್ಲಿ ಕೆಲಸಕ್ಕಿದ್ದವಳು ಅಪ್ಪನ ಎದೆ ಕೈಕೊಟ್ಟಾಗ ಬಂದು, "ಸದ್ಯಕ್ಕೆ ನಾನು ನೋಡ್ಕೊಳ್ತೀನಿ" ಅಂದಿದ್ದಳು. ಆ 'ಸದ್ಯಕ್ಕೆ' ಎಲ್ಲಿಯವರೆಗೆ ಎಂದು ಕೇಳುವ ಧೈರ್ಯ ಅವನಿಗೆ ಇವತ್ತಿನವರೆಗೂ ಬಂದಿರಲಿಲ್ಲ. ಕೇಳಿದರೆ ತಾನೇ 'ಇಲ್ಲ' ಅನ್ನೋದು? ಬಾಯ್ಲರಿನ ಮುಂದೆ ಎದೆ ಕೊಟ್ಟು ನಿಲ್ಲುತ್ತಿದ್ದ ಗಂಡಸು ಮಗಳ ಒಂದು ಮಾತಿಗೆ ಹೆದರಿ ಗೋಡೆ ಸವರಿಕೊಂಡು ಓಡಾಡುತ್ತಿದ್ದ.

ಇನ್ನೊಂದು ಭಯವೂ ಇತ್ತು. ಅದು ಕಾರ್ಖಾನೆಯ ಒಂದು ಮಾತಿನದು, ಅಧಿಕಾರಿಯೆದುರು ಯಾರಾದರೂ ಅದನ್ನು ಅಂದುಬಿಟ್ಟರೆ ಎಂದು. ಅದೆಷ್ಟೋ ವರ್ಷಗಳ ಹಿಂದೆ ದೊಡ್ಡಣ್ಣನ ತಂಗಿಯ ಕೈ ಬೆಡ್‌ಶೀಟಿನ ಜೊತೆಗೆ ರೋಲರಿನೊಳಗೆ ಹೋಗಿತ್ತು. ಅವಳು "ತಾಳು, ತಾಳು" ಎಂದು ಕೂಗಿದರೂ ಆ ಸದ್ದಿನಲ್ಲಿ, ಯಾರೋ ಯಾರಿಗೋ ಹೇಳುತ್ತಿರಬೇಕೆಂದು ಎಲ್ಲರೂ ತಂತಮ್ಮ ಕೆಲಸ ಮಾಡಿಕೊಂಡಿದ್ದರು. ಎರಡು ಬೆರಳು ಹೋದವು. ಮಾರನೆಯ ದಿನ ದೊಡ್ಡಣ್ಣ ಎಲ್ಲರನ್ನೂ ನಿಲ್ಲಿಸಿ ಹೇಳಿದ: "ಇನ್ಮೇಲೆ ಈ ಸೂರಿನಡಿ ಯಾರೇ ತಾಳು ಅನ್ಲಿ, ಎಲ್ಲ ಯಂತ್ರಾನೂ ನಿಲ್ಲಬೇಕು. ಯಾಕೆ ಅಂತ ಆಮೇಲೆ ಕೇಳಿ. ಅಂದವರೇ ನಡೀಲಿ ಅನ್ನೋವರೆಗೂ ನಾನು ಹೇಳಿದ್ರೂ ಸ್ವಿಚ್ ಮುಟ್ಟಬೇಡಿ."

ಅಲ್ಲಿಂದ ಆ ಮಾತು ಬೀದಿಗೂ ಇಳಿಯಿತು. ಆ ಬೀದಿಯವರು 'ಇರು' ಅಂದಾರು, 'ನಿಲ್ಲು' ಅಂದಾರು, ಸುಮ್ಮಸುಮ್ಮನೆ 'ತಾಳು' ಅನ್ನರು. ಒಮ್ಮೆ ಬಾಯ್ಲರಿನವನು ಜಗಳ ಬಿಡಿಸಲು ಹೋಗಿ "ತಾಳಿದವನು ಬಾಳಿಯಾನು" ಅಂದುಬಿಟ್ಟು, ಇಡೀ ಕಾರ್ಖಾನೆ ನಿಂತು, "ಗಾದೆ ಕಣ್ರಯ್ಯಾ, ಗಾದೆ! ನಡೀಲಿ!" ಎಂದು ಕೂಗಿಕೊಂಡದ್ದೂ ಉಂಟು.

ಮಗಳಿಗೆ ಇದು ಹಿಡಿಸುತ್ತಿರಲಿಲ್ಲ. "ಅಪ್ಪಾ, ಎಲ್ಲಾ ಕಡೆ ಕೆಂಪು ಗುಂಡಿ ಇರುತ್ತೆ, ಒತ್ತಿದ್ರೆ ನಿಲ್ಲುತ್ತೆ. ನಿಂದೇನು ಮಂತ್ರಾನಾ? ಬಂದವರು ನಗ್ತಾರೆ."

"ಗುಂಡಿ ಒತ್ತೋಕೆ ಕೈ ಬೇಕಲ್ಲಮ್ಮ. ಕೈಯೇ ಒಳಗಿದ್ರೆ?" ಅಂದಿದ್ದಳು ಅತ್ತೆ, ಮೂರು ಬೆರಳಿನ ಕೈಯಲ್ಲೇ ಬೆಡ್‌ಶೀಟು ಮಡಚುತ್ತಾ.

ಅಧಿಕಾರಿ ಬಂದ. ಕನ್ನಡಕ, ಅವಸರ. ಕಿವಿಯಿಂದ ಫೋನು ಇಳಿಸಿದರೆ ಪಾಪ ಬರುತ್ತದೆ ಎನ್ನುವಂಥ ಆಸಾಮಿ. ಡ್ರಮ್ಮುಗಳನ್ನು ನೋಡಿ ಹುಬ್ಬು ಗಂಟಿಕ್ಕಿದ. ರೋಲರಿನ ಬಳಿ ಬಂದಾಗ ಅವನ ಫೋನು ಮತ್ತೆ ಬಡಿದುಕೊಂಡಿತು. ಯಂತ್ರದ ಸದ್ದನ್ನು ಮೀರಿಸಬೇಕಲ್ಲ, ಅವನು ಗಂಟಲು ಹರಿಯುವಂತೆ ಕೂಗಿದ: "ಸಾರ್, ತಾಳಿ! ಒಂದು ನಿಮಿಷ ತಾಳಿ!"

ಪಟಪಟನೆ ಸ್ವಿಚ್ಚುಗಳು ಬಿದ್ದವು. ಡ್ರಮ್ಮುಗಳು ನರಳುತ್ತಾ ನಿಂತವು. ಬಾಯ್ಲರಿನವನು ಹಬೆ ಹೊರಗೆ ಬಿಟ್ಟ. ತಂತಮ್ಮ ಕೈ ಹೊರಗಿದೆಯೆಂದು ತೋರಿಸಲು ಎಲ್ಲರೂ ಕೈ ಮೇಲೆತ್ತಿ ಗಾಬರಿಯಿಂದ ಸುತ್ತ ನೋಡಿದರು. ಆ ಮೌನದಲ್ಲಿ ಅಧಿಕಾರಿಯ ದನಿಯೊಂದೇ ಇನ್ನೂ ಕೂಗುತ್ತಿತ್ತು. ಅವನಿಗೇ ನಾಚಿಕೆಯಾಗಿ ಫೋನು ಇಳಿಸಿದ.

"ಏನ್ರೀ ಇದು? ಕರೆಂಟ್ ಹೋಯ್ತಾ?"

ನಿಂತ ರೋಲರಿನಡಿ ಆಸ್ಪತ್ರೆಯದೇ ಬೆಡ್‌ಶೀಟು ಸಿಕ್ಕಿಕೊಂಡಿತ್ತು. ಸೀದ ವಾಸನೆ ಎದ್ದಿತು. ಎಲ್ಲರ ಕಣ್ಣೂ ದೊಡ್ಡಣ್ಣನ ಮೇಲೆ. 'ನಡೀಲಿ' ಎಂದು ಒಂದು ಮಾತು ಅಂದರೆ ಮುಗಿಯಿತು, ಬೆಡ್‌ಶೀಟೂ ಉಳಿದೀತು, ಮರ್ಯಾದೆಯೂ ಉಳಿದೀತು. ಬಾಯಿ ತೆರೆದ. ರೋಲರಿನ ಪಕ್ಕ ತಂಗಿ ನಿಂತಿದ್ದಳು, ಕೈಯೆತ್ತಿ, ಅವನನ್ನೇ ನೋಡುತ್ತಾ. ಇವತ್ತು ತಾನೇ ಹೇಳಿಬಿಟ್ಟರೆ ನಾಳೆ ಯಾವನೋ ಮೇಸ್ತ್ರಿ ಹೇಳುತ್ತಾನೆ, ನಾಡಿದ್ದು ಯಾರು ಬೇಕಾದರೂ. ಹೇಳದಿದ್ದರೆ ನಾಳೆ ಎಂಬುದೇ ಇಲ್ಲ. ತೆರೆದ ಬಾಯಿ ಮುಚ್ಚಿದ. ಎದೆಯ ಸ್ಪ್ರಿಂಗಿನ ಮೇಲೆ ಯಾರೋ ಕುಣಿಯುತ್ತಿರುವ ಹಾಗಾಯಿತು.

ಆಗ ಮಗಳು ಮುಂದೆ ಬಂದಳು.

"ಸಾರ್, ನಿಲ್ಲಿಸಿದ್ದು ನೀವು. ನಡೀಲಿ ಅಂತ ನೀವೇ ಹೇಳ್ಬೇಕು."

"ನಾನಾ? ನಾನೇನು ನಿಮ್ಮ ಕೂಲಿಯವನಾ?"

"ಅಲ್ಲ ಸಾರ್. ಆದ್ರೆ ತಾಳಿ ಅಂದ್ರಲ್ಲ, ಇಲ್ಲಿ ಹಾಗಂದ್ರೆ ಯಾರದೋ ಕೈ ಯಂತ್ರದಲ್ಲಿದೆ ಅಂತ ಅರ್ಥ. ಅಂದವರ ಬಾಯಲ್ಲೇ ಬಿಡುಗಡೆ. ನಮ್ಮಪ್ಪನೂ ಮುರಿಯೋ ಹಾಗಿಲ್ಲ, ನಾನೂ ಮುರಿಯೋ ಹಾಗಿಲ್ಲ."

"ನಾನು ಹೇಳ್ದೇ ಹೋದ್ರೆ?"

"ಊಟ ಇಲ್ಲೇ ಆಗುತ್ತೆ ಸಾರ್," ಅಂದಳು ಅತ್ತೆ. "ಎಲ್ಲರ ಬುತ್ತಿಲೂ ಒಂದೊಂದು ತುತ್ತು ತೆಗೆದಿಡ್ತೀವಿ."

ಯಾರೋ ಕಿಸಕ್ಕನೆ ನಕ್ಕರು. ಅಧಿಕಾರಿಯ ಮುಖ ಕೆಂಪೇರಿತು. ಅವನ ಕಣ್ಣು ಅತ್ತೆಯ ಎತ್ತಿದ ಕೈಗೆ ಹೋಯಿತು. ಬೆರಳುಗಳನ್ನು ನೋಡಿದ, ರೋಲರನ್ನು ನೋಡಿದ. ಆಮೇಲೆ ಮೆಲ್ಲಗೆ, ಯಾರಿಗೋ ಕ್ಷಮೆ ಕೇಳುವವನಂತೆ ಅಂದ: "ನಡೀಲಿ."

ಕಾರ್ಖಾನೆ ಗರ್ಜಿಸಿತು. ಬೆಡ್‌ಶೀಟು ನಡುವೆ ಕಂದು ಪಟ್ಟಿ ಹೊತ್ತು ಹೊರಬಿತ್ತು.

ಆಫೀಸಿನ ಕೋಣೆಯಲ್ಲಿ ಅಧಿಕಾರಿ ನೇರವಾಗಿ ಕೇಳಿದ: "ಯಂತ್ರ ಹಳೇದು, ಅದನ್ನ ಬರೀಲೇಬೇಕು. ಜನರೇನೋ ಪರವಾಗಿಲ್ಲ. ಆದ್ರೆ ಐದು ವರ್ಷ ಇಲ್ಲಿ ನಿಲ್ಲೋರು ಯಾರು? ಯಜಮಾನರೇ, ನಿಮ್ಮ ಆರೋಗ್ಯ ನಮಗೆ ಗೊತ್ತು."

ದೊಡ್ಡಣ್ಣ ಮೇಜಿನ ಮರದ ಗೆರೆಗಳನ್ನು ನೋಡುತ್ತಾ ಕೂತ. ಅಷ್ಟು ಕಾಲ ಕೇಳದ ಪ್ರಶ್ನೆಯನ್ನು ಪರಕೀಯನೊಬ್ಬ ನೀರು ಕುಡಿದಷ್ಟು ಸಲೀಸಾಗಿ ಕೇಳಿಬಿಟ್ಟಿದ್ದ.

"ಪೆನ್ನು ಕೊಡಿ," ಅಂದಳು ಮಗಳು. ಸಹಿ ಹಾಕಿದಳು. ಅಪ್ಪನ ಕಡೆ ತಿರುಗಿ, "ಆದ್ರೆ ಕೆಂಪು ಗುಂಡೀನೂ ಹಾಕಿಸ್ತೀನಿ. ಮಾತೂ ಇರ್ಲಿ, ಗುಂಡೀನೂ ಇರ್ಲಿ. ಆಗ ಮಧ್ಯ ಬಾಯಿ ಹಾಕ್ಬಾರ್ದು," ಅಂದಳು.

ಅಧಿಕಾರಿ ಹೋದ. ಕೆಲಸ ಉಳಿಯಿತೆಂಬ ಸುದ್ದಿ ಹೊರಗೆ ಹಬ್ಬಿ ಗದ್ದಲವೋ ಗದ್ದಲ. ದೊಡ್ಡಣ್ಣ ಮಾತ್ರ ಆ ಸಹಿಯನ್ನೇ ನೋಡುತ್ತಿದ್ದ. ಹೊಟ್ಟೆಯ ಬಂಡೆ ಕರಗಿರಲಿಲ್ಲ, ಜಾಗ ಬದಲಿಸಿತ್ತು ಅಷ್ಟೇ. ಇಷ್ಟು ದಿನ ಅವಳು ಹೋಗಿಬಿಡುತ್ತಾಳೆಂಬ ಭಯ. ಇನ್ನು ಅವಳು ಇರುತ್ತಾಳೆಂಬ ಭಯ. ಇಷ್ಟು ಮನೆಗಳ ಒಲೆ ಹೊತ್ತುಕೊಂಡು ಮಲಗುವುದೆಂದರೆ ಏನೆಂದು ಅವನಿಗಲ್ಲದೆ ಇನ್ಯಾರಿಗೆ ಗೊತ್ತು?

"ಐದು ವರ್ಷ ಅಂದ್ರೆ ಏನು ಅಂತ ಗೊತ್ತೇನಮ್ಮಾ ನಿಂಗೆ?"

"ಗೊತ್ತಪ್ಪ. ನೀನು ತಟ್ಟೆ ಮುಂದೆ ಕೂತು ಊಟ ಮಾಡದೆ ಎದ್ದು ಹೋಗೋದನ್ನ ನೋಡ್ಕೊಂಡೇ ಬೆಳೆದೋಳು ನಾನು."

ಅಷ್ಟರಲ್ಲಿ ಯಾವುದೋ ಡ್ರಮ್ಮು ಕಟಕಟ ಎಂದಿತು. ಏಳಲು ಹೊರಟ ಅಪ್ಪನ ಭುಜ ಅದುಮಿ ಕೂರಿಸಿ, ಮಗಳು ತಾನೇ ನೋಡಲು ಹೋದಳು. ಅವಳ ಹಣೆಯ ಮೇಲೆ ಆಗಲೇ ಒಂದು ಗೆರೆ ಮೂಡಿದ್ದನ್ನು ಅವನು ಕಂಡ.