ತಂಗಿ ಕೇಳಿದ ಕೈಬ್ರೇಕು

ಹಳೆಯ ಬೈಕುಗಳ ಪೆಟ್ರೋಲ್ ಟ್ಯಾಂಕನ್ನು ತಟ್ಟಿ ತೀಡಿ ಹೊಸದರಂತೆ ಮಾಡಿಕೊಡುತ್ತಿದ್ದುದರಿಂದ ಬೀದಿಯವರೆಲ್ಲ ಅವನನ್ನು ಟ್ಯಾಂಕಣ್ಣ ಎನ್ನುತ್ತಿದ್ದರು. ಹಗಲು ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಫಿಟ್ಟರ್. ಸಂಜೆ ಮನೆಗೆ ಬಂದರೆ ಬಚ್ಚಲ ಪಕ್ಕದ ಸಂದಿಯೇ ಅವನ ವರ್ಕ್‌ಶಾಪು. ಗುಜರಿಯಿಂದ ತಂದ ಸ್ಟೀಲು ಕುರ್ಚಿಯ ಕಾಲು ಅವನ ಕೈಯಲ್ಲಿ ಹ್ಯಾಂಡಲ್ ಆಗುತ್ತಿತ್ತು, ಹಳೇ ಬಾಣಲೆ ಹೆಡ್‌ಲೈಟಿನ ಟೋಪಿಯಾಗುತ್ತಿತ್ತು. ನಿಮ್ಮಣ್ಣನ ಕಣ್ಣಿಗೆ ಬೀಳದ ಹಾಗೆ ಪಾತ್ರೆ ಎತ್ತಿಡಮ್ಮ ಎಂದು ಪಕ್ಕದ ಮನೆಯಾಕೆ ಅವನ ತಂಗಿಯನ್ನು ನಗಿಸುತ್ತಿದ್ದಳು.

ಮನೆಯಲ್ಲಿದ್ದವರು ಅಣ್ಣ ತಂಗಿ ಇಬ್ಬರೇ. ತಂಗಿಯ ಬಲಗಾಲು ಚಿಕ್ಕಂದಿನ ಜ್ವರದಲ್ಲಿ ಸೊರಗಿಹೋಗಿತ್ತು. ಆದರೂ ಎರಡು ಬಸ್ಸು ಬದಲಾಯಿಸಿ ನೂಲಿನ ಗಿರಣಿಯ ಕಚೇರಿಗೆ ಹೋಗಿ ಟೈಪು ಮಾಡಿ ಬರುತ್ತಿದ್ದಳು. ಒಂದು ದಿನ ಬಟ್ಟೆ ಒಣಹಾಕುತ್ತಾ, ಮೂಲೆಯಲ್ಲಿ ನಿಂತಿದ್ದ ಅಪ್ಪನ ಹಳೇ ಬೈಕನ್ನು ತೋರಿಸಿ ಕೇಳಿದಳು:

"ಅಣ್ಣಾ, ಗೇರು ಎಡಗಾಲಲ್ಲಿ ಹಾಕ್ತೀನಿ. ಬಲಗಾಲಿನ ಬ್ರೇಕನ್ನ ಕೈಗೆ ತಂದುಕೊಡೋಕಾಗುತ್ತಾ?"

"ಅದೇನು ಮಹಾ, ಒಂದು ಭಾನುವಾರದ ಕೆಲಸ."

ಆ ಭಾನುವಾರ ನಾಲ್ಕು ವರ್ಷವಾದರೂ ಬರಲಿಲ್ಲ. ಪ್ರತಿ ವಾರ ಯಾರದೋ ಸೈಲೆನ್ಸರ್, ಯಾರದೋ ಸೀಟು. ಇಂಥ ಕೆಲಸಕ್ಕೆ ನಿಮ್ಮನ್ನು ಬಿಟ್ಟರಿಲ್ಲ ಎಂದು ಹೊರಗಿನವರು ಹೊಗಳಿದರೆ ಅವನು ಉಬ್ಬಿಹೋಗುತ್ತಿದ್ದ. ತಂಗಿ ಎಲ್ಲಿ ಹೋಗುತ್ತಾಳೆ, ಮನೆಯಲ್ಲೇ ಇರುತ್ತಾಳಲ್ಲ ಎಂದುಕೊಳ್ಳುತ್ತಿದ್ದ. ಅವಳು ಮೊದಮೊದಲು ನೆನಪಿಸಿದಳು, ಆಮೇಲೆ ತಮಾಷೆ ಮಾಡಿದಳು, ಕೊನೆಗೆ ಆ ಮಾತೆತ್ತುವುದನ್ನೇ ಬಿಟ್ಟಳು. ಬಿಟ್ಟದ್ದು ಅವನ ಗಮನಕ್ಕೇ ಬರಲಿಲ್ಲ.

ಒಂದು ಬೆಳಿಗ್ಗೆ ತುಂಬಿದ ಬಸ್ಸಿನ ಮೆಟ್ಟಿಲಿಂದ ಅವಳು ಜಾರಿಬಿದ್ದಳು. ಮುರಿದದ್ದು ಅಷ್ಟು ವರ್ಷ ಅವಳನ್ನು ಹೊತ್ತ ಎಡಗಾಲು. ಮೂಳೆ ಕೂಡಿಕೊಳ್ಳುತ್ತದೆ, ಆದರೆ ಮೊದಲಿನಂತೆ ಭಾರ ತಡೆಯುವುದಿಲ್ಲ ಎಂದರು ವೈದ್ಯರು.

ಅವಳು ಹಾಸಿಗೆ ಹಿಡಿದಿದ್ದಾಗ ಅವನಿಗೆ ಸುಮ್ಮನೆ ಕೂರಲಾಗಲಿಲ್ಲ. ಸ್ಕೂಟರಿನ ಹಳೇ ಕೇಬಲ್ಲು, ಗುಜರಿಯ ಒಂದು ಲಿವರು, ಅರದಿಂದ ಉಜ್ಜಿ ಉಜ್ಜಿ ಹದಕ್ಕೆ ತಂದ ಒಂದು ಕಬ್ಬಿಣದ ಪಟ್ಟಿ. ಬ್ರೇಕು ಕೈಗೆ ಬಂತು. ನಿಜಕ್ಕೂ ಅದು ಒಂದೇ ಭಾನುವಾರದ ಕೆಲಸವಾಗಿತ್ತು. ಅದೇ ಅವನ ಎದೆ ಚುಚ್ಚಿದ್ದು.

ಎರಡು ತಿಂಗಳ ಮೇಲೆ ತಂಗಿ ಗೋಡೆ ಹಿಡಿದು ಹೊರಬಂದು ಲಿವರನ್ನು ಒತ್ತಿ ನೋಡಿದಳು.

"ಬೆಣ್ಣೆ ಥರ ಇದೆ. ಆದ್ರೆ ನಿಲ್ಲಿಸಿದಾಗ ಊರೋಕೆ ಕಾಲು ಬೇಕಲ್ಲಣ್ಣಾ."

ಹಿಂದಿನ ಚಕ್ರದ ಅಕ್ಕಪಕ್ಕ ಇನ್ನೆರಡು ಚಕ್ರ ಕೂರಿಸುತ್ತೇನೆ ಎಂದ. ಅವಳು ಲಿವರಿನಿಂದ ಕೈ ತೆಗೆದಳು.

"ಕೂರಿಸಿ? ಹೋಗೋದೆಲ್ಲಿಗೆ? ಗಿರಣಿಯವರು ಬೇರೆಯವರನ್ನ ತಗೊಂಡಾಯ್ತು."

ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

"ತಪ್ಪಾಯ್ತು ಕಣೇ," ಎಂದ.

"ಹೌದಣ್ಣಾ, ತಪ್ಪಾಯ್ತು," ಎಂದಳು ಅವಳು, ಮೆಲ್ಲಗೆ.

ಮಾರುಕಟ್ಟೆಯ ಬೀಗ ರಿಪೇರಿಯವನಿಗೂ ಬಲಗಾಲು ಸ್ವಾಧೀನವಿರಲಿಲ್ಲ. ಬೈಕು ಅವನಿಗಾದರೂ ಆಗಲಿ ಎಂದು ತಂಗಿಯೇ ಹೇಳಿ ಕೊಡಿಸಿದಳು. ಈಗ ಅವನು ಬೀಗಗಳ ಪೆಟ್ಟಿಗೆಯನ್ನು ಹಿಂದೆ ಕಟ್ಟಿಕೊಂಡು ದಿನಾ ಬೆಳಿಗ್ಗೆ ಮನೆ ಮುಂದೆ ಒಮ್ಮೆ ಹಾರ್ನ್ ಹೊಡೆದು ಹೋಗುತ್ತಾನೆ. ಕಿಟಕಿಯ ಬಳಿ ಕೂತ ತಂಗಿ ಕೈಯೆತ್ತುತ್ತಾಳೆ. ಟ್ಯಾಂಕಣ್ಣ ಮಾತ್ರ ಆ ಹೊತ್ತಿಗೆ ಸಂದಿಗೆ ಹೋಗಿ, ಬೈಕಿನ ಸದ್ದು ದೂರವಾಗುವ ತನಕ, ಏನನ್ನೋ ಹುಡುಕುವವನಂತೆ ಬಗ್ಗಿ ನಿಂತಿರುತ್ತಾನೆ.