ಮನೋರಿಯ ಕಲ್ಲುಮನೆಯಲ್ಲಿ ಒಂದು ಹೆಜ್ಜೆ ಹೆಚ್ಚು

ಶನಿವಾರ ಬೆಳಿಗ್ಗೆ ಸ್ಲೋ ಲೋಕಲ್ ರೈಲು ಹಿಡಿದು ವಿಲೆ ಪಾರ್ಲೆಯಿಂದ ಮಲಾಡ್‌ಗೆ ಹೋದೆ. ಹಳೆಯ ಕಟ್ಟಡಗಳ ಅಳತೆ ತೆಗೆದು ನಕ್ಷೆ ಬರೆಯುವುದು ನನ್ನ ಹೊಟ್ಟೆಪಾಡು. ಸ್ಟೇಷನ್ನಿನ ಹೊರಗೆ ಬಸಪ್ಪ ಕಾಯುತ್ತಿದ್ದ. ಬಾಗಲಕೋಟೆ ಕಡೆಯ ಕಲ್ಲುಕೆಲಸದವನು, ಕುರ್ಲಾದ ಚಾಳಿನಲ್ಲಿ ವಾಸ. ವಡಾ ಪಾವ್ ತಿಂದು ಮಾರ್ವೆಯ ಬಸ್ಸು ಹತ್ತಿದೆವು. ಅಲ್ಲಿಂದ ಖಾಡಿ, ಅಂದರೆ ಕಡಲ ಹಿನ್ನೀರು, ದಾಟಲು ದೋಣಿ. ಹತ್ತು ನಿಮಿಷವೂ ಹಿಡಿಯಲಿಲ್ಲ.

ಮನೋರಿ ಜೆಟ್ಟಿಯಿಂದ ಅರ್ಧ ಗಂಟೆ ನಡೆದರೆ ಗದ್ದೆಯಂಚಿನಲ್ಲಿ ಆ ಮನೆ. ಎರಡು ಅಡಿ ದಪ್ಪದ ಕರಿಕಲ್ಲಿನ ಗೋಡೆ, ಸುಣ್ಣದ ಗಾರೆ, ತೇಗದ ತೊಲೆ, ಮೇಲೆ ಮಂಗಳೂರು ಹೆಂಚು, ಮುಂದೆ ಭತ್ತ ಬಡಿಯುವ ಕಣ. ಹೊರಗೆ ಬಿಸಿಲು ಸುಡುತ್ತಿದ್ದರೂ ಹೊಸ್ತಿಲು ದಾಟಿದೊಡನೆ ಮೈ ತಣ್ಣಗಾಯಿತು, ಆದರೆ ನನಗೇನೂ ಹಿತವಾಗಲಿಲ್ಲ. ಮನೆಯೊಡತಿ ಫಿಲೋಮಿನಾ ಬಾಯಿ ಊರ ಶಾಲೆಯಲ್ಲಿ ಟೀಚರ್. ಮನೆ ಗಟ್ಟಿಯಿದೆ ಎಂದು ನಾನು ಬರೆದುಕೊಟ್ಟರೆ ಅವರು ಇಲ್ಲೇ ಉಳಿಯಬಹುದು. ಇಲ್ಲದಿದ್ದರೆ ಅವರ ತಮ್ಮ ಮಾರಿಬಿಡುತ್ತಾನೆ.

"ಹಿಂದಿನ ಕೋಣೆಯಲ್ಲಿ ಮಾತ್ರ ಮೆಲ್ಲಗೆ ನಡೆಯಿರಿ," ಎಂದರು ಮರಾಠಿಯಲ್ಲಿ. "ಅಲ್ಲಿ ಅಮ್ಮ ಇದ್ದಾಳೆ."

ಅಮ್ಮ ತೀರಿಕೊಂಡು ಆರು ವರ್ಷವಾಗಿತ್ತಂತೆ. ಮುಖ ನೋಡಿದೆ, ತಮಾಷೆಯಲ್ಲ.

ಕತ್ತಲೆ ಕೋಣೆ, ಒಂದೇ ಒಂದು ಗವಾಕ್ಷಿ. ಟೇಪು ಹಿಡಿದು ನಾಲ್ಕು ಹೆಜ್ಜೆ ಹಾಕಿ ನಿಂತೆ. ಬೆನ್ನ ಹಿಂದೆ ಐದನೆಯ ಹೆಜ್ಜೆ ಬಿತ್ತು. ಬಸಪ್ಪ ಬಾಗಿಲಲ್ಲೇ ಇದ್ದ. ಸುಳ್ಳೇಕೆ ಹೇಳಲಿ, ಟೇಪು ಸುತ್ತಿಕೊಂಡು ನಾನೂ ಬಾಗಿಲಿಗೆ ಬಂದುಬಿಟ್ಟೆ.

"ನಾವು ನಿಂತ ಮೇಲೆ ಅವಳು ನಿಲ್ಲುತ್ತಾಳೆ. ಮಂಡಿನೋವು, ನೋಡಿ," ಎಂದರು ಫಿಲೋಮಿನಾ ಬಾಯಿ.

ಬಸಪ್ಪ ಸುತ್ತಿಗೆಯ ಹಿಡಿಯಿಂದ ನೆಲ ತಟ್ಟುತ್ತ ಬಂದ. ನಡುವಿನ ಹಾಸುಗಲ್ಲು ಟೊಳ್ಳು ಸದ್ದು ಕೊಟ್ಟಿತು. "ಅಕ್ಕಾರ, ಇದು ಹಗೇವು. ಜ್ವಾಳ ತುಂಬೂ ಕುಣಿ," ಎಂದು ಹಾರೆ ಹಾಕಿ ಕಲ್ಲು ಸರಿಸಿದ. ನಾನು ಮೊಬೈಲ್ ಟಾರ್ಚ್ ಹಾಕಿದರೆ ಬೇಡವೆಂದು, ಮೇಣದಬತ್ತಿಗೆ ದಾರ ಕಟ್ಟಿ ಇಳಿಬಿಟ್ಟ. "ಗಾಳಿ ಕೆಟ್ಟಿದ್ರ ದೀಪ ಆರತೈತಿ. ನಮ್ಮೂರಾಗ ಹಂಗ ನೋಡದ ಇಳದವರು ಮ್ಯಾಲ ಬಂದಿಲ್ಲ."

ದೀಪ ಆರಲಿಲ್ಲ. ಬಹಳ ಕೆಳಗಿನಿಂದ ಇನ್ನೊಂದು ದೀಪ ನಮ್ಮ ಕಡೆಗೆ ಏರಿ ಬರತೊಡಗಿತು. ಬಸಪ್ಪ ದಾರ ಹಿಡಿದು ನಿಲ್ಲಿಸಿದ, ಅದೂ ನಿಂತಿತು. ನೀರಿನಲ್ಲಿ ನಮ್ಮದೇ ದೀಪದ ಪ್ರತಿಬಿಂಬ ಅದು. ಹಗೇವಲ್ಲ, ಬಾವಿ, ಯಾವ ಕಾಲದಲ್ಲೋ ಅದರ ಮೇಲೇ ಕೋಣೆ ಕಟ್ಟಿದ್ದರು.

ಬಾವಿಯ ಕಟ್ಟೆ ಗಟ್ಟಿಯಿತ್ತು. ಹಾಸುಗಲ್ಲನ್ನು ಮತ್ತೆ ಮುಚ್ಚಿ ನೋಡಿದರೆ ಅದರ ಒಂದು ಮೂಲೆ ಮಾತ್ರ ಅಲುಗುತ್ತಿತ್ತು. ಕಾಲಿಟ್ಟರೆ ವಾಲಿ, ಕಾಲು ತೆಗೆದ ಮೇಲೆ ಟಕ್ಕೆಂದು ಜಾಗಕ್ಕೆ ಕೂರುತ್ತಿತ್ತು. ಐದನೆಯ ಹೆಜ್ಜೆ ಅದೇ. ಬಸಪ್ಪ ಮೂಲೆಗೆ ಚಕ್ಕೆಕಲ್ಲು ಕೊಟ್ಟು ಬಿಗಿ ಮಾಡಿದ. "ಇನ್ನ ಆನಿ ಬಂದ್ರೂ ಅಳ್ಳಾಡಂಗಿಲ್ಲ." ಮನೆ ಉಳಿಯಿತೆಂದು ನಾನು ಹಿಗ್ಗಿದೆ.

ಫಿಲೋಮಿನಾ ಬಾಯಿ ಕೋಣೆಯುದ್ದಕ್ಕೂ ನಡೆದು ನಿಂತರು. ಕಾದರು. ಮತ್ತೆ ನಡೆದು ನಿಂತರು. ಯಾವ ಹೆಜ್ಜೆಯೂ ಕೇಳಿಸಲಿಲ್ಲ.

"ಊಟ ಮಾಡಿಕೊಂಡು ಹೋಗಿ," ಎಂದರು. ಅಕ್ಕಿ ರೊಟ್ಟಿ, ಬಂಗುಡೆ ಮೀನಿನ ಸಾರು ಬಡಿಸಿದರು. ತಾವು ಮುಟ್ಟಲಿಲ್ಲ, ಕಿವಿಯೆಲ್ಲ ಆ ಕೋಣೆಯ ಕಡೆಗೇ. ಮನೆ ಉಳಿಸಲು ಬಂದು ಅವರ ತಾಯಿಯನ್ನು ಎರಡನೇ ಸಲ ಅವರಿಂದ ದೂರ ಮಾಡಿದ್ದೆವು. ನಾನು ಅರ್ಧ ರೊಟ್ಟಿಗೇ ಎದ್ದು ಕೈ ತೊಳೆದೆ.

ಐದು ಗಂಟೆಗೆ ಜೆಟ್ಟಿಗೆ ಬಂದೆವು. ದೋಣಿ ದಡ ಮುಟ್ಟುತ್ತಿತ್ತು, ನಾವು ನಿಂತೆವು. ನಿಂತ ಮೇಲೆ, ಬೆನ್ನ ಹಿಂದೆ ಒಂದು ಹೆಜ್ಜೆ ಬಿತ್ತು.

ತಿರುಗಿ ನೋಡಿದರೆ ಯಾರೂ ಇಲ್ಲ. ಬಸಪ್ಪನಿಗೂ ಅದು ಕೇಳಿಸಿತ್ತು. ಅವನು ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡ.

"ಅಕ್ಕಾರ, ನೀವು ಹೋಗ್ರಿ. ನಾ ಆ ಅವ್ವನ್ನ ಮನಿಗೆ ಬಿಟ್ಟು ಬರ್ತೀನಿ. ಚಕ್ಕಿಕಲ್ಲೂ ತುಸು ಸಡ್ಲ ಮಾಡ್ತೀನಿ. ಕಲ್ಲು ಬೀಳಂಗಿಲ್ಲ, ನೀವು ಗಟ್ಟಿ ಅಂತನ ಬರೀರಿ."

ದೋಣಿಯಿಂದ ತಿರುಗಿ ನೋಡಿದೆ. ಯಾವಾಗಲೂ ದಾಪುಗಾಲು ಹಾಕುವ ಬಸಪ್ಪ ರಸ್ತೆಯ ನೆರಳಿನ ಬದಿ ಬಿಟ್ಟುಕೊಟ್ಟು, ನಾಲ್ಕು ಹೆಜ್ಜೆಗೊಮ್ಮೆ ನಿಂತು, ಕಾದು, ಮತ್ತೆ ನಡೆಯುತ್ತಿದ್ದ.