ನಾಲ್ಕನೇ ಡಿಸ್ಕಿನ ಬೆಲ್ಲ

ಬೆಟಗೇರಿಯ ನೇಕಾರರ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತೆರಡು ವರ್ಷವಾದರೂ ನನಗೆ ಕೆಚ್ಚಲು ಬರುವುದಿಲ್ಲ. ಮಗ್ಗದ ಮೇಲಿನ ಹಳೆಯ ಹಾಸು ಮುಗಿಯುತ್ತ ಬಂದಾಗ ಹೊಸ ಹಾಸಿನ ಎಳೆಗಳನ್ನು ಅದರ ತುದಿಗೆ ಒಂದೊಂದಾಗಿ ಹೊಸೆದು ಕೂಡಿಸುವುದಕ್ಕೆ ಕೆಚ್ಚುವುದು ಎನ್ನುತ್ತಾರೆ. ಸಾವಿರಾರು ಎಳೆ. ಅತ್ತೆ ಬೆರಳಿಗೆ ಬೂದಿ ಹಚ್ಚಿಕೊಂಡು ಕೂತರೆ ಮಾತಾಡುತ್ತಲೇ ಮುಗಿಸುತ್ತಾರೆ. ನಾನು ಕೂಡಿಸಿದ್ದು ಮೊದಲ ಎಳೆತಕ್ಕೇ ಬಿಚ್ಚಿಕೊಳ್ಳುತ್ತದೆ. ಕೊನೆಯ ಎಳೆ ಕೂಡಿಸಿದವರ ಬಾಯಿಗೆ ಹಿರಿಯರು ಬೆಲ್ಲ ಹಾಕುವುದು ನಮ್ಮ ಮನೆಯ ಪದ್ಧತಿ. ಆ ಬೆಲ್ಲವನ್ನು ನನ್ನ ನಾದಿನಿ ತಿಂದಿದ್ದಾಳೆ, ಓಣಿಯ ಹೆಂಗಸರು ತಿಂದಿದ್ದಾರೆ, ನಾನು ತಿಂದಿರಲಿಲ್ಲ. "ಲಕ್ಷ್ಮೇಶ್ವರದ ಕಿರಾಣಿ ಅಂಗಡಿ ಕೈ ಅದು, ತೂಕಾ ಮಾಡಾಕಷ್ಟ ಬರತೈತಿ" ಎಂದು ಅತ್ತೆ ಬಂದವರ ಮುಂದೆಲ್ಲ ಹೇಳುತ್ತಿದ್ದರು. ನಾನು ನಗುತ್ತಿದ್ದೆ. ಒಳಗೆ ಸಿಟ್ಟೂ ಬರುತ್ತಿತ್ತು.

ಹಾಗಂತ ನಾನೂ ಕೈಕಟ್ಟಿ ಕೂತವಳಲ್ಲ. ಒಂಬತ್ತು ವರ್ಷದಿಂದ ಸುತ್ತಲಿನ ಊರುಗಳ ಹಳೆಯ ಸೀರೆಗಳ ಅಂಚಿನ ದಡಿ, ಸೆರಗು ಸ್ಕ್ಯಾನ್ ಮಾಡಿ ಇಡುತ್ತಿದ್ದೇನೆ. ಸೊರಟೂರಿನ ಅಜ್ಜಿಯೊಬ್ಬರು ತಮ್ಮ ಮದುವೆ ಸೀರೆ ತಂದು ತೋರಿಸಿ, ಸ್ಕ್ಯಾನ್ ಆದ ಮೇಲೆ ಒಯ್ದು ಕೌದಿ ಹೊಲಿಸಿಬಿಟ್ಟರು. ಅಂಥ ದಡಿ ಈಗ ಇಡಿಯಾಗಿ ಉಳಿದಿರುವುದು ನನ್ನ ಹತ್ತಿರ ಮಾತ್ರ: ಮಗ್ಗದ ಕೋಣೆಯ ಗೂಡಿನಲ್ಲಿ, ನಾಲ್ಕು ಹಾರ್ಡ್ ಡಿಸ್ಕ್ ಹಿಡಿಯುವ ಒಂದು ಕರಿ ಪೆಟ್ಟಿಗೆಯಲ್ಲಿ. ಅದನ್ನು ಮನೆಯ ವೈಫೈಗೆ ಸೇರಿಸಿದ್ದರಿಂದ ಗಂಡ ಮಗ್ಗದ ಮುಂದೆ ಕೂತೇ ಮೊಬೈಲಿನಲ್ಲಿ ವಿನ್ಯಾಸ ತೆರೆದು ನೇಯುತ್ತಾರೆ.

ಈ ಬೇಸಿಗೆಯಲ್ಲಿ ಪೆಟ್ಟಿಗೆ ತುಂಬಿತು. ಎಲ್ಲದರ ಇನ್ನೊಂದು ಪ್ರತಿ ಲಕ್ಷ್ಮೇಶ್ವರದ ತವರಿನಲ್ಲಿಟ್ಟಿದ್ದೆ, ಆದರೆ ಅದು ಎರಡು ವರ್ಷದ ಹಿಂದೆಯೇ ತುಂಬಿ ಆಮೇಲಿನದೇನೂ ಅದರಲ್ಲಿರಲಿಲ್ಲ. ಅದು ನನ್ನ ಸೋಮಾರಿತನ, ಒಪ್ಪಿಕೊಳ್ಳುತ್ತೇನೆ. ಹುಬ್ಬಳ್ಳಿಯ ಅಂಗಡಿಯವನು "ಪೆಟಗಿ ಬಿಟ್ಟು ಹೋಗ್ರಿ ಅಕ್ಕಾರ, ದೊಡ್ಡವು ನಾವ ಹಾಕಿ ಕೊಡತೀವಿ" ಎಂದ. ಅಷ್ಟು ಮನೆಯವರು ನಂಬಿ ಕೊಟ್ಟದ್ದನ್ನು ಯಾರದೋ ಮೇಜಿನ ಮೇಲೆ ಬಿಟ್ಟು ಬರುವವಳು ನಾನಲ್ಲ. ನಾಲ್ಕು ದೊಡ್ಡ ಡಿಸ್ಕು ತಂದು ನಾನೇ ಕೂತೆ.

ಒಂದು ಸಣ್ಣ ಡಿಸ್ಕು ತೆಗೆದು ಆ ಜಾಗಕ್ಕೆ ದೊಡ್ಡದು ಹಾಕಬೇಕು. ಉಳಿದ ಮೂರನ್ನು ಓದಿ ಪೆಟ್ಟಿಗೆ ತಾನೇ ಹೊಸದನ್ನು ತುಂಬಿಸುತ್ತದೆ. ಅದಕ್ಕೆ ಹೆಚ್ಚುಕಡಿಮೆ ಒಂದು ದಿನ. ಅದು ಮುಗಿಯುವ ಮೊದಲೇ ಇನ್ನೊಂದನ್ನು ಕಿತ್ತರೆ ಎಲ್ಲವೂ ಹೋದಂತೆ. ನಾಲ್ಕೂ ಬದಲಾಗುವ ತನಕ ಜಾಗವೇನೂ ಹೆಚ್ಚುವುದಿಲ್ಲ. ಇದನ್ನೆಲ್ಲ ಗಂಡನಿಗೆ ಹೇಳುತ್ತಿದ್ದಾಗ ಅತ್ತೆ ಕೇಳಿಸಿಕೊಂಡರು.

"ಹಳೇವೆಲ್ಲಾ ಒಮ್ಮೆಲೆ ತಗದು ಒಗೀಬಾರದೇನ?"

"ಹಂಗ ಮಾಡಿದರ ಒಳಗಿಂದೆಲ್ಲಾ ಹೋಗತೈತ್ರಿ."

ಮರುದಿನದಿಂದ ಅತ್ತೆ ಚಹಾ ಕುಡಿದವರೇ ಪೆಟ್ಟಿಗೆಯ ಮುಂದೆ ಬಂದು ಕೂರತೊಡಗಿದರು. "ಎಷ್ಟಾತು?" ಎಂದು ಗಳಿಗೆಗೊಮ್ಮೆ ಕೇಳುವರು. "ನೂರಕ್ಕ ನಲವತ್ತು ಆತ್ರಿ" ಎಂದರೆ ತಲೆಯಾಡಿಸುವರು.

ಮೂರು ಡಿಸ್ಕು ಸಲೀಸಾಗಿ ಆದವು. ನಾಲ್ಕನೆಯದು ಅರ್ಧ ತುಂಬಿದಾಗ, ಮಟಮಟ ಮಧ್ಯಾಹ್ನ, ಕರೆಂಟು ಹೋಯಿತು. ಪೆಟ್ಟಿಗೆ ಇನ್ವರ್ಟರ್ ಮೇಲೆ ನಡೆದಿತ್ತು, ಆದರೆ ಬ್ಯಾಟರಿ ಹಳೆಯದು. ಲೈನ್‌ಮನ್‌ಗೆ ಫೋನ್ ಮಾಡಿದರೆ "ಸಂಜಿ ಆಗತೈತ್ರಿ" ಎಂದ. ತುಂಬುವ ನಡುವೆ ಒಮ್ಮೆಲೇ ಆರಿದರೆ ಪೆಟ್ಟಿಗೆ ಸರಿಯಾಗಿ ಮೇಲೇಳುತ್ತದೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಮನೆಯ ಸ್ವಿಚ್ಚುಗಳನ್ನೆಲ್ಲ ಒಂದೊಂದಾಗಿ ಆರಿಸುತ್ತ ಬಂದೆ. ಅತ್ತೆಯ ತಲೆಯ ಮೇಲಿನ ಫ್ಯಾನಿನ ಸ್ವಿಚ್ಚಿಗೆ ಬಂದು ಕೈ ನಿಂತಿತು. ಎಂಬತ್ತರ ಹತ್ತಿರದ ಜೀವ, ಹೊರಗೆ ಮೇ ತಿಂಗಳ ಬಿಸಿಲು.

"ಯಾಕ ನಿಂತಿ? ಆರಸವಾ" ಎಂದರು. "ಕೆಚ್ಚುವಾಗ ನಾ ಎಂದಾರ ಫ್ಯಾನ ಹಾಕೀನೇನು? ಎಳಿ ಹಾರತಾವಂತ ಜಲಮೆಲ್ಲಾ ಬೆವರಕೋತ ಕುಂತೀನಿ."

ಆರಿಸಿದೆ. ಪೆಟ್ಟಿಗೆಯ ಹಸಿರು ದೀಪ ನೋಡುತ್ತ ನಾಲ್ಕು ತಾಸು ಇಬ್ಬರೂ ಕೂತೆವು. ರಟ್ಟಿನಿಂದ ಅವರಿಗೆ ಗಾಳಿ ಬೀಸಿದರೆ, "ನನಗ ಬ್ಯಾಡ, ಪೆಟಗೀಗೆ ಹಾಕು. ಅದಕ್ಕ ಸೆಕಿ ಆಗೈತಿ" ಎಂದು ಗದರಿದರು.

ಐದಕ್ಕೆ ಕರೆಂಟು ಬಂತು. ಮರುದಿನ ಬೆಳಿಗ್ಗೆ ನಾಲ್ಕನೆಯದೂ ತುಂಬಿ, ಜಾಗ ಮೂರು ಪಟ್ಟಾಯಿತು. ಮೊದಲು ಸೊರಟೂರಿನ ಅಜ್ಜಿಯ ದಡಿ ತೆರೆದು ನೋಡಿದೆ. ಒಂದು ಹೂವೂ ತಪ್ಪಿರಲಿಲ್ಲ. ಎಷ್ಟು ಹೆಮ್ಮೆಯಾಯಿತೆಂದರೆ ಓಣಿಗೆಲ್ಲ ಹೇಳಬೇಕೆನಿಸಿತು. ಖರೆ ಹೇಳುತ್ತೇನೆ, ನಾಲ್ಕು ಮನೆಗೆ ಹೋಗಿ ಹೇಳಿಯೇ ಬಂದೆ.

ತಿರುಗಿ ಬಂದಾಗ ಇನ್ನೊಂದು ಮಗ್ಗದಲ್ಲಿ ಕೆಚ್ಚುತ್ತಿದ್ದ ಅತ್ತೆ ಎದ್ದು ಅಡುಗೆಮನೆಗೆ ಹೋಗಿ ಬಂದರು. "ಬಾಯಿ ತಗಿ" ಎಂದರು. ತೆಗೆದೆ. ಬೆಲ್ಲ. ಅವರ ಬೆರಳಿನ ಬೂದಿಯೂ ಅದಕ್ಕೆ ಒಂದಿಷ್ಟು ಹತ್ತಿತ್ತು.

ಗಂಡ ಮಗ್ಗ ನಿಲ್ಲಿಸಿ, "ನನಗೂ ಒಂದು ಚೂರು ಕೊಡವಾ" ಎಂದು ಕೈ ಚಾಚಿದರು.

"ನೀ ಏನ ಕೂಡಿಸಿದಿ?" ಎಂದರು ಅತ್ತೆ.

ಇಡೀ ತುಂಡನ್ನು ನಾನೊಬ್ಬಳೇ ತಿಂದೆ.